ತಾಯಿ ಮಗ್ಗುಲಾಗಿ, ಕೂಸು ಅಂಗಾತ: ಹೆರಿಗೆಯ ಮುಂಚಿನ ಮತ್ತು ನಂತರದ ರಾತ್ರಿಗಳು

ಪ್ರಶ್ನೆ: ನನಗೀಗ 34ನೇ ವಾರ, ಚೊಚ್ಚಲ ಬಸಿರು. ಎಡ ಮಗ್ಗುಲಿಗೆ ಮಲಗಿದರೂ ನಡುರಾತ್ರಿ ಎಚ್ಚರವಾದಾಗ ಅಂಗಾತ ಇರುತ್ತೇನೆ. ಮಗುವಿಗೆ ಏನಾದರೂ ಆಯಿತೇನೋ ಎಂಬ ಭಯದಲ್ಲಿ ಮತ್ತೆ ನಿದ್ದೆ ಹತ್ತುವುದಿಲ್ಲ. ಕೊನೆಯ ವಾರಗಳಲ್ಲಿ ಮಗುವಿನ ಅಲುಗಾಟ ಕಡಿಮೆಯಾಗುವುದು ಸಹಜ ಎಂದು ಕೆಲವರು ಹೇಳುತ್ತಾರೆ, ಇದು ನಿಜವೇ? ಹುಟ್ಟಿದ ಮಗು ಕೈಯಿಂದ ಕೆಳಗಿಳಿಸಿದರೆ ಮಲಗುವುದೇ ಇಲ್ಲ, ಆದ್ದರಿಂದ ಮೊದಲ ವಾರದಿಂದಲೇ ತಾನಾಗಿ ಮಲಗುವ ಅಭ್ಯಾಸ ಮಾಡಿಸಬೇಕು ಎಂದೂ ಕೇಳಿದ್ದೇನೆ. ನಾನು ಮತ್ತು ನನ್ನ ಪತಿ ಈಗಿನಿಂದ ಏನು ಸಿದ್ಧತೆ ಮಾಡಿಕೊಳ್ಳಬೇಕು?

ಉತ್ತರ: ನಿಮ್ಮ ನಿದ್ದೆಗೆ ಹೊಟ್ಟೆಯ ಭಾರಕ್ಕಿಂತ ಭಯವೇ ಹೆಚ್ಚು ಅಡ್ಡಿಯಾಗಿರುವಂತೆ ತೋರುತ್ತದೆ, ಆದ್ದರಿಂದ ಅದನ್ನೇ ಮೊದಲು ನೋಡೋಣ. ಎಚ್ಚರವಾದಾಗ ಅಂಗಾತ ಇದ್ದರೆ ಮಗ್ಗುಲಿಗೆ ಹೊರಳಿ ಮತ್ತೆ ಮಲಗಿ. ನೀವು ಮಾಡಬೇಕಾದದ್ದು ಅಷ್ಟೇ. ಕೇಡು ಮಾಡಿಬಿಟ್ಟೆನೆಂದು ಕೊರಗುತ್ತ ಕೂರುವ ಅಗತ್ಯವಿಲ್ಲ.

ಮಗ್ಗುಲಾಗಿ ಮಲಗಬೇಕೆನ್ನುವ ಸಲಹೆಗೆ ಗಟ್ಟಿಯಾದ ಆಧಾರವಿದೆ. 28ನೇ ವಾರದ ನಂತರ ಅಂಗಾತ ಮಲಗಿದಾಗ ಗರ್ಭಕೋಶದ ಭಾರವೆಲ್ಲ ಬೆನ್ನುಮೂಳೆಯ ಮುಂದೆ ಹಾದುಹೋಗುವ ದೊಡ್ಡ ಅಭಿಧಮನಿಯ ಮೇಲೆ ಬೀಳುತ್ತದೆ. ಕಾಲು ಮತ್ತು ಸೊಂಟದ ಕಡೆಯಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಮಾಸಿನ ಮೂಲಕ ಮಗುವಿಗೆ ತಲುಪುವ ರಕ್ತವೂ ತಗ್ಗುತ್ತದೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಬ್ರಿಟನ್ ಮುಂತಾದ ದೇಶಗಳ ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಅಂಗಾತ ಮಲಗಿ ನಿದ್ದೆಗೆ ಜಾರುತ್ತಿದ್ದ ಗರ್ಭಿಣಿಯರಲ್ಲಿ ಮಗು ಹೊಟ್ಟೆಯಲ್ಲೇ ತೀರಿಹೋಗುವ ಸಂಭವ, ಎಡ ಮಗ್ಗುಲಿಗೆ ಮಲಗುತ್ತಿದ್ದವರಿಗಿಂತ ಸುಮಾರು 2.6 ಪಟ್ಟು ಹೆಚ್ಚಿರುವುದು ಕಂಡುಬಂತು. ಮೂಲ ಸಂಭವವೇ ಬಹಳ ಸಣ್ಣದಾದ್ದರಿಂದ ಈ ಪಟ್ಟಿನ ಲೆಕ್ಕ ಕೇಳಿ ದಿಗಿಲುಬೀಳಬಾರದು. ಆದರೆ ಖರ್ಚಿಲ್ಲದೆ, ಔಷಧವಿಲ್ಲದೆ ಕಡಿಮೆ ಮಾಡಿಕೊಳ್ಳಬಹುದಾದ ಅಪಾಯವನ್ನು ಬಿಡುವುದೂ ಸರಿಯಲ್ಲ.

ಈ ಅಧ್ಯಯನಗಳು ಮುಖ್ಯವಾಗಿ ಕೇಳಿದ್ದು ನಿದ್ದೆ ಹತ್ತುವಾಗ ಹೇಗೆ ಮಲಗಿದ್ದಿರಿ ಎಂಬುದನ್ನು, ಎಚ್ಚರವಾದಾಗ ಹೇಗಿದ್ದಿರಿ ಎಂಬುದನ್ನಲ್ಲ. ನಿದ್ದೆಗೆ ಜಾರುವಾಗಿನ ಭಂಗಿಯಲ್ಲೇ ರಾತ್ರಿಯ ಹೆಚ್ಚು ಭಾಗ ಕಳೆಯುವ ಸಾಧ್ಯತೆ ಇರುವುದರಿಂದ ನಿಮ್ಮ ಕೈಯಲ್ಲಿರುವುದೂ ಅದೊಂದೇ. ಹಾಗೆಯೇ ಎಡ ಮತ್ತು ಬಲ ಮಗ್ಗುಲುಗಳ ನಡುವೆ ಆ ವಿಶ್ಲೇಷಣೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಡಕ್ಕೇ ಮಲಗಬೇಕೆಂಬ ಕಟ್ಟುಪಾಡಿಗೆ ಜೋತುಬಿದ್ದು ಎಡ ಸೊಂಟ ನೋಯಿಸಿಕೊಂಡು ರಾತ್ರಿಯಿಡೀ ಒದ್ದಾಡುವ ಗರ್ಭಿಣಿಯರನ್ನು ಕಂಡಾಗ, ಈ ಸಲಹೆಯನ್ನು ಅಗತ್ಯಕ್ಕಿಂತ ಬಿಗಿಯಾಗಿ ಹೇಳಿಬಿಟ್ಟಿದ್ದೇವೆ ಎಂದು ನನಗೆ ಅನಿಸುತ್ತದೆ. ಎಡ ದಣಿದರೆ ಬಲಕ್ಕೆ ಹೊರಳಿ. ಬೆನ್ನ ಹಿಂದೆ ಒಂದು ದಿಂಬನ್ನು ಒತ್ತಾಗಿ ಇಟ್ಟುಕೊಂಡರೆ ನಿದ್ದೆಯಲ್ಲಿ ಪೂರ್ತಿ ಅಂಗಾತವಾಗುವುದು ತಪ್ಪುತ್ತದೆ. ಮೊಣಕಾಲುಗಳ ನಡುವೆ ಇನ್ನೊಂದು, ಹೊಟ್ಟೆಯ ಕೆಳಗೆ ತೆಳ್ಳಗಿನದೊಂದು ಇದ್ದರೆ ಸೊಂಟದ ಎಳೆತ ಕಡಿಮೆಯಾಗುತ್ತದೆ. ಹಗಲಿನ ಸಣ್ಣ ನಿದ್ದೆಗೂ ಇದೇ ಕ್ರಮ ಅನ್ವಯಿಸುತ್ತದೆ, ಅದನ್ನು ಹಲವರು ಮರೆಯುತ್ತಾರೆ.

ನಿದ್ದೆ ಕೆಡಿಸುವ ಉಳಿದ ತೊಂದರೆಗಳನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಎದೆಯುರಿಗೆ ರಾತ್ರಿಯ ಊಟ ಮತ್ತು ಮಲಗುವ ಸಮಯದ ನಡುವೆ ಎರಡು ಮೂರು ಗಂಟೆಗಳ ಅಂತರ ಇಡಿ, ಮಂಚದ ತಲೆಯ ಭಾಗವನ್ನು ಸ್ವಲ್ಪ ಎತ್ತರಿಸಿ. ಅದರಿಂದ ಆಗದಿದ್ದರೆ ಬಸಿರಿನಲ್ಲಿ ಬಳಸಬಹುದಾದ ಔಷಧಗಳಿವೆ, ಸಹಿಸಿಕೊಂಡು ಕೂರಬೇಡಿ. ಮೀನಖಂಡ ಸೆಟೆದುಕೊಂಡಾಗ ಕಾಲನ್ನು ನೀಳವಾಗಿ ಚಾಚಿ ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆಯಿರಿ. ಮಲಗಿದ ಕೂಡಲೇ ಕಾಲುಗಳನ್ನು ಅಲುಗಾಡಿಸದೆ ಇರಲಾಗದಂಥ ಚಡಪಡಿಕೆ ಪ್ರತಿ ರಾತ್ರಿ ಬರುತ್ತಿದ್ದರೆ ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆಯೆಂದು ಪರೀಕ್ಷಿಸುವುದು ಒಳ್ಳೆಯದು. ಕಾಫಿ, ಚಹಾ ಕುಡಿಯುವವರಾದರೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರದಂತೆ ನೋಡಿಕೊಳ್ಳಿ, ಮಧ್ಯಾಹ್ನದ ನಂತರ ಬಿಟ್ಟುಬಿಡಿ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಕೆಫೀನ್ ದೇಹದಿಂದ ಹೊರಹೋಗಲು ಬೇರೆ ಸಮಯಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಹೊತ್ತು ಹಿಡಿಯುವುದರಿಂದ ಸಂಜೆಯ ಒಂದು ಲೋಟ ನಡುರಾತ್ರಿಯವರೆಗೂ ಕಾಡಬಹುದು. ನಿದ್ದೆ ಮಾತ್ರೆಗಳನ್ನಾಗಲಿ, ನಿದ್ದೆ ತರಿಸುವ ನೆಗಡಿಯ ಮಾತ್ರೆಗಳನ್ನಾಗಲಿ ನಿಮ್ಮ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಅಂಗೈ ಮತ್ತು ಅಂಗಾಲುಗಳಲ್ಲಿ, ಅದರಲ್ಲೂ ರಾತ್ರಿಯ ಹೊತ್ತು, ಗುಳ್ಳೆಗಳೇನೂ ಇಲ್ಲದೆ ತುರಿಕೆ ಬರುತ್ತಿದ್ದರೆ ಮಾತ್ರ ಅದನ್ನು ಒಣ ಚರ್ಮದ ಲೆಕ್ಕಕ್ಕೆ ಹಾಕಬಾರದು. ಯಕೃತ್ತಿನಿಂದ ಪಿತ್ತ ಸರಾಗವಾಗಿ ಹರಿಯದೆ ರಕ್ತದಲ್ಲಿ ಪಿತ್ತಾಮ್ಲಗಳು ಏರಿರುವ ಸೂಚನೆ ಅದಾಗಿರಬಹುದು, ಮಗುವಿನ ಸುರಕ್ಷತೆಗೆ ಸಂಬಂಧಿಸಿದ ವಿಷಯವಾದ್ದರಿಂದ ಕೂಡಲೇ ರಕ್ತಪರೀಕ್ಷೆ ಬೇಕು.

ಇನ್ನು ಅಲುಗಾಟದ ಪ್ರಶ್ನೆ. ಕೊನೆಯ ವಾರಗಳಲ್ಲಿ ಮಗು ಅಲುಗಾಡುವುದು ಕಡಿಮೆಯಾಗುತ್ತದೆ ಎಂಬ ಮಾತು ತಪ್ಪು, ಮತ್ತು ಬಸಿರಿನ ಬಗ್ಗೆ ಓಡಾಡುವ ತಪ್ಪು ಮಾತುಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದಕ್ಕೇ. ಜಾಗ ಇಕ್ಕಟ್ಟಾದಂತೆ ಅಲುಗಾಟದ ಬಗೆ ಬದಲಾಗಬಹುದು. ಚುರುಕಾದ ಒದೆತಗಳಿಗಿಂತ ಹೊರಳುವುದು, ಒತ್ತುವುದು, ಚಾಚುವುದು ಹೆಚ್ಚಾಗಬಹುದು. ಆದರೆ ಅಲುಗಾಟ ವಿರಳವಾಗಬಾರದು, ಸೊರಗಬಾರದು. ಹೆರಿಗೆ ನೋವು ಶುರುವಾದ ಮೇಲೂ ಮಗು ಅಲುಗಾಡುತ್ತಿರಬೇಕು. ದಿನಕ್ಕೆ ಇಷ್ಟೇ ಬಾರಿ ಎಂದು ಎಲ್ಲರಿಗೂ ಒಪ್ಪುವ ಸಂಖ್ಯೆಯೊಂದಿಲ್ಲ. ನಿಮ್ಮ ಮಗು ಯಾವ ಹೊತ್ತಿನಲ್ಲಿ ಚುರುಕಾಗಿರುತ್ತದೆ, ಊಟದ ನಂತರ ಹೇಗೆ, ನೀವು ಮಲಗಿದಾಗ ಹೇಗೆ ಎಂಬ ಅದರದೇ ವಾಡಿಕೆ ಈಗಾಗಲೇ ನಿಮಗೆ ಗೊತ್ತಾಗಿರುತ್ತದೆ, ಅಳತೆಗೋಲು ಅದೇ. ಹೊಟ್ಟೆಯೊಳಗಿನ ಮಗು ಸಾಮಾನ್ಯವಾಗಿ ಒಂದು ಸಲಕ್ಕೆ 20ರಿಂದ 40 ನಿಮಿಷ ನಿದ್ರಿಸುತ್ತದೆ, 90 ನಿಮಿಷ ಮೀರುವುದು ಅಪರೂಪ. ಆದ್ದರಿಂದ ಸಂಜೆ ತಪ್ಪದೆ ಕುಣಿಯುವ ಮಗು ಒಂದು ಸಂಜೆ ಸುಮ್ಮನಿದೆ ಎಂದು ನಿಮಗೆ ಅನಿಸಿದರೆ ಬೆಳಗಾಗಲಿ ಎಂದು ಕಾಯದೆ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಹೆರಿಗೆ ವಿಭಾಗಕ್ಕೆ ಕರೆ ಮಾಡಿ ಹೊರಡಿ. ಸಿಹಿ ಕುಡಿದು, ತಣ್ಣೀರು ಕುಡಿದು ಮಗುವನ್ನು ಎಬ್ಬಿಸಲು ನೋಡುತ್ತ ಹೊತ್ತು ಕಳೆಯಬೇಡಿ. ಮನೆಯಲ್ಲಿ ಎದೆಬಡಿತ ಕೇಳಿಸುವ ಯಂತ್ರಗಳನ್ನು ನಂಬಿ ಕೂರುವುದಂತೂ ಬೇಡವೇ ಬೇಡ. ಅದರಲ್ಲಿ ಕೇಳಿಸುವುದು ನಿಮ್ಮದೇ ರಕ್ತನಾಳದ ಬಡಿತವಾಗಿರಬಹುದು, ಮಗುವಿನದೇ ಆಗಿದ್ದರೂ ಬಡಿತವೊಂದು ಕೇಳಿಸಿತೆಂಬುದರಿಂದ ಮಗು ಆರೋಗ್ಯವಾಗಿದೆ ಎಂದು ತಿಳಿಯುವುದಿಲ್ಲ. ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದೆಯೆಂದು ಹೇಳಿ ಕಳಿಸಿದ ಮೇಲೆ ಎರಡು ದಿನಕ್ಕೆ ಮತ್ತೆ ಹಾಗೆಯೇ ಅನಿಸಿದರೆ ಮತ್ತೆ ಹೋಗಿ. ಸುಮ್ಮನೆ ಬಂದಿರೆಂದು ನಿಮ್ಮನ್ನು ಯಾರೂ ಆಡಿಕೊಳ್ಳಬಾರದು, ಆಡಿಕೊಂಡರೆ ತಪ್ಪು ಅವರದು.

ತಡಮಾಡದೆ ಹೊರಡಬೇಕಾದ ಇನ್ನು ಕೆಲವು ಸಂದರ್ಭಗಳಿವೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಕಣ್ಣ ಮುಂದೆ ಮಿಂಚಿದಂತಾಗುವುದು, ಪಕ್ಕೆಲುಬುಗಳ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಮತ್ತು ಕೈಗಳಲ್ಲಿ ಇದ್ದಕ್ಕಿದ್ದಂತೆ ಊತ, ಇವು ರಕ್ತದೊತ್ತಡ ಏರುತ್ತಿರುವುದರ ಚಿಹ್ನೆಗಳು. 140/90 ಅಥವಾ ಅದಕ್ಕಿಂತ ಹೆಚ್ಚಿನ ಅಳತೆಯನ್ನು ಬಸಿರಿನಲ್ಲಿ ಹಗುರವಾಗಿ ಕಾಣುವಂತಿಲ್ಲ. ರಕ್ತಸ್ರಾವವಾದರೆ, ಅಥವಾ 37 ವಾರ ತುಂಬುವ ಮೊದಲೇ ಬಿಟ್ಟುಬಿಟ್ಟು ಹೊಟ್ಟೆ ಬಿಗಿಯುವ ನೋವು ಬರತೊಡಗಿದರೆ ಮನೆಯಲ್ಲಿ ಕಾಯಬೇಡಿ. ನೀರು ಹೋದರೆ ಸಮಯವನ್ನೂ ಬಣ್ಣವನ್ನೂ ಗಮನಿಸಿ ಹೊರಡಿ. ಹಸಿರು ಅಥವಾ ಕಂದು ಬಣ್ಣವಿದ್ದರೆ ಇನ್ನಷ್ಟು ಬೇಗ. 37 ವಾರ ತುಂಬಿದ ಮೇಲೆ ಬರುವ ನೋವಿನ ವಿಷಯದಲ್ಲಿ ಇಷ್ಟು ಅವಸರ ಬೇಕಿಲ್ಲ. ಭಂಗಿ ಬದಲಿಸಿದರೆ, ನೀರು ಕುಡಿದು ಸ್ವಲ್ಪ ಅಡ್ಡಾದರೆ ತಣ್ಣಗಾಗುವ ನೋವು ಸಾಮಾನ್ಯವಾಗಿ ಹುಸಿನೋವು. ಐದು ನಿಮಿಷಕ್ಕೊಮ್ಮೆ ಬಂದು, ಪ್ರತಿ ಸಲ ಸುಮಾರು ಒಂದು ನಿಮಿಷ ಹಿಡಿದು, ಒಂದು ಗಂಟೆಯವರೆಗೆ ಹಾಗೆಯೇ ಮುಂದುವರಿದರೆ ಅದು ಹೆರಿಗೆಯ ನೋವೆಂದು ತಿಳಿದು ಹೊರಡುವುದು ಚೊಚ್ಚಲಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ. ಆಸ್ಪತ್ರೆ ದೂರವಿದ್ದರೆ ಇನ್ನೂ ಮೊದಲೇ ಹೊರಡಬೇಕು.

ಈಗ ಕೂಸಿನ ನಿದ್ದೆಗೆ ಬರೋಣ. ಸಿದ್ಧತೆ ಎಂದಾಗ ಹೆಚ್ಚಿನ ದಂಪತಿಗಳು ಹಾಸಿಗೆ, ಬಟ್ಟೆ, ಸಾಮಾನುಗಳ ಪಟ್ಟಿ ಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ರಾತ್ರಿಯನ್ನು ಯಾರು ಹೇಗೆ ಹಂಚಿಕೊಳ್ಳುತ್ತೀರಿ ಎಂಬ ಒಪ್ಪಂದ. ಹಸುಗೂಸಿನ ನಿದ್ದೆಯನ್ನು ನಿಮ್ಮ ನಿದ್ದೆಗೆ ಹೊಂದಿಸುವುದು ಮೊದಲ ಎರಡು ಮೂರು ತಿಂಗಳು ಸಾಧ್ಯವಿಲ್ಲ. ದೊಡ್ಡವರ ನಿದ್ದೆಯನ್ನು ಅದರ ಸುತ್ತ ಹೊಂದಿಸಿಕೊಳ್ಳುವುದು ಸಾಧ್ಯ.

ಏಕೆ ಸಾಧ್ಯವಿಲ್ಲ ಎಂಬುದನ್ನು ತಿಳಿದುಕೊಂಡರೆ ಅರ್ಧ ಸಿಟ್ಟು ಇಳಿಯುತ್ತದೆ. ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಕೆಲವು ಇದಕ್ಕಿಂತ ಕಡಿಮೆ, ಕೆಲವು ಹೆಚ್ಚು. ಆದರೆ ಆ ನಿದ್ದೆ ಹಗಲು ರಾತ್ರಿಗಳ ಮೇಲೆ ತುಂಡುತುಂಡಾಗಿ ಹರಡಿರುತ್ತದೆ. ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಹಾರ್ಮೋನು ಹೊಟ್ಟೆಯೊಳಗಿದ್ದಾಗ ತಾಯಿಯಿಂದ ಬರುತ್ತಿತ್ತು. ಮಗು ತಾನೇ ಅದನ್ನು ಲಯಬದ್ಧವಾಗಿ ಸ್ರವಿಸತೊಡಗುವುದು ಎರಡು ಮೂರು ತಿಂಗಳ ಹೊತ್ತಿಗೆ. ಜೊತೆಗೆ ಹೊಟ್ಟೆ ಪುಟ್ಟದು, ಎದೆಹಾಲು ಬೇಗ ಅರಗುತ್ತದೆ, 24 ಗಂಟೆಗಳಲ್ಲಿ 8ರಿಂದ 12 ಬಾರಿ ಹಾಲು ಬೇಕು. ಹುಟ್ಟಿದಾಗಿನ ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿದು ಸಾಮಾನ್ಯವಾಗಿ ಎರಡು ವಾರದೊಳಗೆ ಮರಳಿ ಬರುತ್ತದೆ. ಅಲ್ಲಿಯವರೆಗೆ ಮಗು ತಾನಾಗಿ ಏಳದಿದ್ದರೂ ಮೂರು ಗಂಟೆಗೊಮ್ಮೆ, ಹೆಚ್ಚೆಂದರೆ ನಾಲ್ಕು ಗಂಟೆಗೊಮ್ಮೆ ಎಬ್ಬಿಸಿ ಹಾಲೂಡಿಸಬೇಕು. ದಿನ ತುಂಬುವ ಮೊದಲೇ ಹುಟ್ಟಿದ, ಅಥವಾ ಕಾಮಾಲೆ ಇರುವ ಕೂಸುಗಳ ವಿಷಯದಲ್ಲಿ ಈ ಮಾತು ಇನ್ನೂ ಮುಖ್ಯ. ಅವು ಹಸಿವಾದಾಗಲೂ ಏಳಲಾರದಷ್ಟು ಮಂಪರಿನಲ್ಲಿರಬಹುದು.

ಇನ್ನೊಂದು ಸಂಗತಿಯನ್ನು ಹೊಸ ತಂದೆತಾಯಿಯರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಕೂಸಿನ ನಿದ್ದೆಯ ಸುಮಾರು ಅರ್ಧಭಾಗ ಚಲನೆಯಿಂದ ತುಂಬಿದ ಹಗುರ ನಿದ್ದೆ, ಮತ್ತು ದೊಡ್ಡವರಂತಲ್ಲದೆ ಅದು ನಿದ್ದೆಗೆ ಜಾರುವುದೇ ಆ ಹಂತದ ಮೂಲಕ. ಆ ಹೊತ್ತಿನಲ್ಲಿ ಕೂಸು ಮುಲುಗುತ್ತದೆ, ಮುಖ ಕಿವಿಚುತ್ತದೆ, ನಗುತ್ತದೆ, ಕೈಕಾಲು ಎಳೆದಾಡುತ್ತದೆ, ಒಮ್ಮೊಮ್ಮೆ ಎರಡು ಗುಟುಕು ಅತ್ತು ಸುಮ್ಮನಾಗುತ್ತದೆ, ರೆಪ್ಪೆ ಅರೆಬಿರಿದು ಕಣ್ಣು ಹೊರಳಿಸುತ್ತದೆ. ಆದರೆ ಅದಕ್ಕೆ ಎಚ್ಚರವಾಗಿರುವುದಿಲ್ಲ. ಪ್ರತಿ ಸದ್ದಿಗೂ ಧಾವಿಸಿ ಎತ್ತಿಕೊಳ್ಳುವ ಪ್ರೀತಿಯ ತಾಯಿ ಮಲಗಿದ್ದ ಮಗುವನ್ನು ತಾನೇ ಎಬ್ಬಿಸಿ, ನನ್ನ ಮಗು ಹತ್ತು ನಿಮಿಷವೂ ಮಲಗುವುದಿಲ್ಲ ಎಂದು ಕಂಗಾಲಾಗಿ ಬರುತ್ತಾಳೆ. ಸದ್ದು ಕೇಳಿದಾಗ ಕೈ ಚಾಚುವ ಮೊದಲು ಒಂದು ನಿಮಿಷ ನೋಡಿ. ಕಣ್ಣು ತೆರೆದು, ಬಾಯಿ ಹುಡುಕಾಡುತ್ತಿದ್ದರೆ, ಕೈಯನ್ನು ಬಾಯಿಗೊಯ್ಯುತ್ತಿದ್ದರೆ ಅದು ಹಸಿವು, ಆಗ ಅಳುವವರೆಗೆ ಕಾಯದೆ ಹಾಲು ಕೊಡಿ. ಕಣ್ಣು ಮುಚ್ಚಿ ಮುಲುಗುತ್ತಿದ್ದರೆ ಬಿಡಿ. ಉಸಿರಾಟವೂ ಈ ನಿದ್ದೆಯಲ್ಲಿ ಏರುಪೇರಾಗಿರುತ್ತದೆ. ಐದರಿಂದ ಹತ್ತು ಸೆಕೆಂಡು ನಿಂತು ಮತ್ತೆ ಬೇಗಬೇಗ ಸಾಗುವುದು ಸಹಜ. 20 ಸೆಕೆಂಡು ಮೀರಿ ನಿಂತರೆ, ತುಟಿ ನಾಲಗೆ ನೀಲಿಗಟ್ಟಿದರೆ ಅದು ತುರ್ತುಸ್ಥಿತಿ.

ಇನ್ನು ಕೆಳಗಿಳಿಸುವ ಕಷ್ಟ. ಕೈಯಲ್ಲಿ ಮಲಗಿದ ಕೂಸು ಹಾಸಿಗೆ ತಾಗಿದ ಕೂಡಲೇ ಏಳುವುದು ಹಟವಲ್ಲ. ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯ ಕುಮಿ ಕುರೋಡಾ ಅವರ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 21 ಶಿಶುಗಳ ಎದೆಬಡಿತವನ್ನು ಅಳೆಯುತ್ತ ಇದನ್ನೇ ಪರಿಶೀಲಿಸಿತು. ಅಳುವ ಮಗುವನ್ನು ಎದೆಗವಚಿಕೊಂಡು ಐದು ನಿಮಿಷ ಒಂದೇ ಹದದಲ್ಲಿ ನಡೆದಾಗ ಬಡಿತ ಇಳಿದು ಹಲವು ಮಕ್ಕಳು ನಿದ್ದೆಹೋದರು. ಸುಮ್ಮನೆ ಎತ್ತಿಕೊಂಡು ಕೂತಾಗ ಆ ಪರಿಣಾಮ ಕಾಣಲಿಲ್ಲ. ಮಗುವಿನ ಮೈ ತಾಯಿಯ ಮೈಯಿಂದ ಬೇರ್ಪಡತೊಡಗಿದ ಗಳಿಗೆಯಲ್ಲೇ ಅದರ ಎದೆಬಡಿತ ಏರುತ್ತಿತ್ತು, ಅಂದರೆ ಎಚ್ಚರಿಸುವುದು ಹಾಸಿಗೆಯ ಸ್ಪರ್ಶಕ್ಕಿಂತ ಅಪ್ಪುಗೆ ಸಡಿಲವಾಗುವುದು. ನಿದ್ದೆ ಹತ್ತಿದ ಮೇಲೂ ಐದರಿಂದ ಎಂಟು ನಿಮಿಷ ಹಿಡಿದು ಕೂತು, ಆಮೇಲೆ ಇಳಿಸಿದರೆ ಮಗು ನಿದ್ದೆಯಲ್ಲೇ ಉಳಿಯುವ ಸಂಭವ ಹೆಚ್ಚೆಂದು ಅವರು ಸೂಚಿಸಿದರು. ಸಣ್ಣ ಅಧ್ಯಯನವಾದರೂ ದಿನನಿತ್ಯ ನಾವು ಕಾಣುವುದಕ್ಕೆ ಅದು ಹೊಂದುತ್ತದೆ. ಕೂಸಿನ ಮುಷ್ಟಿ ಬಿಚ್ಚಿ, ತೋಳು ಎತ್ತಿಬಿಟ್ಟರೆ ಸಡಿಲವಾಗಿ ಬೀಳುವಂತಾದಾಗ ಇಳಿಸಿ. ಮೊದಲು ಕುಂಡೆ, ನಂತರ ಬೆನ್ನು, ಕೊನೆಗೆ ತಲೆ ಹಾಸಿಗೆಗೆ ತಾಗಲಿ. ತಲೆ ಮೊದಲು ಹಿಂದಕ್ಕೆ ಜಾರಿದರೆ ಮಗು ಬೆಚ್ಚಿ ಕೈಗಳನ್ನು ಚೆಲ್ಲಿ ಏಳುತ್ತದೆ. ಇಳಿಸಿದ ಮೇಲೆ ಒಂದೆರಡು ನಿಮಿಷ ಎದೆಯ ಮೇಲೆ ಅಂಗೈಯನ್ನು ಹಗುರವಾಗಿ ಇಟ್ಟಿರಿ.

ಹಾಗಿದ್ದರೆ ಎತ್ತಿಕೊಂಡು ಮಲಗಿಸಿದರೆ ಅದೇ ರೂಢಿಯಾಗುವುದಿಲ್ಲವೇ? ಮೊದಲ ಮೂರು ನಾಲ್ಕು ತಿಂಗಳಲ್ಲಿ ಆ ಚಿಂತೆ ಬೇಡ. ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ಶಕ್ತಿ ಆ ವಯಸ್ಸಿನ ಮೆದುಳಿಗೆ ಇನ್ನೂ ಬಂದಿರುವುದಿಲ್ಲ. ಅಳಲು ಬಿಟ್ಟು ಕಲಿಸುವ ಕ್ರಮಗಳನ್ನು ಸಮರ್ಥಿಸುವ ತಜ್ಞರೂ ನಾಲ್ಕರಿಂದ ಆರು ತಿಂಗಳಿಗೆ ಮೊದಲು ಅವನ್ನು ಸೂಚಿಸುವುದಿಲ್ಲ. ಮೊದಲ ವಾರಗಳಲ್ಲಿ ಮಾಡಬಹುದಾದದ್ದು ಹಗಲು ರಾತ್ರಿಗಳ ಅಂತರವನ್ನು ಪರಿಚಯಿಸುವುದು. ಹಗಲಿನಲ್ಲಿ ಬೆಳಕೂ ಮನೆಯ ಮಾಮೂಲಿ ಸದ್ದೂ ಇರಲಿ, ಮಾತಾಡಿಸಿ. ರಾತ್ರಿಯ ಹಾಲು ಮಂದ ಬೆಳಕಿನಲ್ಲಿ, ಮಾತಿಲ್ಲದೆ ಮುಗಿಯಲಿ, ಬಟ್ಟೆ ಒದ್ದೆಯಾಗಿ ಕೂಸಿಗೆ ಕಿರಿಕಿರಿಯಾಗದಿದ್ದರೆ ಪ್ರತಿ ಸಲ ಬದಲಿಸುವ ಅಗತ್ಯವೂ ಇಲ್ಲ. ಎಚ್ಚರವಾಗಿ ಸುಮಾರು ಒಂದು ಗಂಟೆಯಾಗುವಷ್ಟರಲ್ಲಿ ಹೆಚ್ಚಿನ ಹಸುಗೂಸುಗಳಿಗೆ ಮತ್ತೆ ನಿದ್ದೆ ಬೇಕಾಗುತ್ತದೆ. ನೋಟ ಬೇರೆಡೆ ತಿರುಗಿಸುವುದು, ಆಕಳಿಸುವುದು, ಹುಬ್ಬು ಕೆಂಪಾಗುವುದು ಕಂಡಾಗಲೇ ಮಲಗಿಸಿದರೆ ಸುಲಭ. ಆ ಗಳಿಗೆ ದಾಟಿ ದಣಿವು ಅಳುವಾಗಿ ತಿರುಗಿದ ಮೇಲೆ ಕಷ್ಟ.

ಎಲ್ಲಿ, ಹೇಗೆ ಮಲಗಿಸಬೇಕೆಂಬ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡುವುದಿಲ್ಲ. ನಿಮಗೆ ಅಂಗಾತ ಬೇಡವೆಂದೆ. ಕೂಸಿಗೆ ಅಂಗಾತವೇ ಬೇಕು, ಹಗಲಿನ ನಿದ್ದೆಗೂ ರಾತ್ರಿಯ ನಿದ್ದೆಗೂ, ಪ್ರತಿ ಸಲವೂ. ಹಿಂದೆ ಎಷ್ಟೋ ದೇಶಗಳಲ್ಲಿ ವೈದ್ಯರೇ ಕೂಸುಗಳನ್ನು ಬೋರಲು ಮಲಗಿಸಲು ಹೇಳುತ್ತಿದ್ದ ಕಾಲವೊಂದಿತ್ತು, ಕಕ್ಕಿದ ಹಾಲು ಉಸಿರಿಗೆ ಹೋಗದಿರಲಿ ಎಂಬ ಕಾರಣಕ್ಕೆ. ಕಾರಣವಿಲ್ಲದೆ ನಿದ್ದೆಯಲ್ಲೇ ಶಿಶುಗಳು ಸಾಯುವುದಕ್ಕೂ ಆ ಭಂಗಿಗೂ ಸಂಬಂಧವಿದೆಯೆಂದು ಅಧ್ಯಯನಗಳು ತೋರಿಸಿದ ಮೇಲೆ ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸುವ ಪ್ರಚಾರ ಆರಂಭವಾಯಿತು, ಆ ದೇಶಗಳಲ್ಲಿ ಇಂಥ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಕಕ್ಕಿದರೆ ಉಸಿರುಗಟ್ಟುವುದೆಂಬ ಹೆದರಿಕೆ ಇಂದಿಗೂ ಮನೆಗಳಲ್ಲಿ ಉಳಿದಿದೆ, ಆದರೆ ದೇಹರಚನೆ ಅದಕ್ಕೆ ವಿರುದ್ಧವಾಗಿದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಇರುವುದರಿಂದ ಮೇಲೆ ಬಂದ ಹಾಲು ಭಾರಕ್ಕೆ ಅನ್ನನಾಳದಲ್ಲೇ ಉಳಿಯುತ್ತದೆ. ಬೋರಲು ಮಲಗಿದಾಗ ಅದು ಶ್ವಾಸನಾಳದ ಬಾಯಿಯ ಕಡೆಗೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸುವುದೂ ಸುರಕ್ಷಿತವಲ್ಲ, ಕೂಸು ಅಲ್ಲಿಂದ ಸುಲಭವಾಗಿ ಬೋರಲಾಗುತ್ತದೆ. ತಲೆಯ ಹಿಂಭಾಗ ಚಪ್ಪಟೆಯಾಗದಿರಲು ಮಲಗಿಸುವಾಗ ಒಂದು ಸಲ ಬಲಕ್ಕೆ, ಇನ್ನೊಂದು ಸಲ ಎಡಕ್ಕೆ ಮುಖ ತಿರುಗಿಸಿ, ಎಚ್ಚರವಿದ್ದಾಗ ನಿಮ್ಮ ಕಣ್ಣೆದುರಿಗೆ ಸ್ವಲ್ಪ ಹೊತ್ತು ಬೋರಲು ಬಿಡಿ.

ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಬೇಕು. ದಿಂಬು, ದಪ್ಪ ಹೊದಿಕೆ, ಬೊಂಬೆ, ಸುತ್ತಲಿನ ಮೆತ್ತನೆಯ ಅಂಚುಪಟ್ಟಿ ಯಾವುದೂ ಬೇಡ. ಖಾಲಿ ಹಾಸಿಗೆ ನೋಡುವವರ ಕಣ್ಣಿಗೆ ಬಡವೆನಿಸಬಹುದು, ಇರಬೇಕಾದದ್ದು ಹಾಗೆಯೇ. ಓರೆಯಾದ ಆಸನಗಳಲ್ಲಿ, ಕಾರಿನ ಶಿಶು ಆಸನದಲ್ಲಿ ಗಲ್ಲ ಎದೆಗೆ ಬಾಗಿ ಶ್ವಾಸನಾಳ ಇಕ್ಕಟ್ಟಾಗುವುದರಿಂದ ಅಲ್ಲಿ ನಿದ್ದೆ ಹತ್ತಿದರೆ ಮನೆಗೆ ತಲುಪಿದ ಕೂಡಲೇ ಸಮತಟ್ಟಾದ ಜಾಗಕ್ಕೆ ಬದಲಿಸಿ. ಮೈ ಹೆಚ್ಚು ಕಾಯಬಾರದು. ಕೈಕಾಲು ತಣ್ಣಗಿರುವುದು ಸಾಮಾನ್ಯ, ಆದ್ದರಿಂದ ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ, ಮನೆಯೊಳಗೆ ಮಲಗಿಸುವಾಗ ಟೋಪಿ ಬೇಡ. ಬಟ್ಟೆ ಸುತ್ತಿ ಮಲಗಿಸುವುದಾದರೆ ಎದೆಯ ಬಳಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ, ಸೊಂಟದ ಕೀಲು ಬೆಳೆಯಲು ಕಾಲುಗಳು ಮಡಿಸಿ ಅಗಲಿಸಲು ಬರುವಂತಿರಲಿ, ಮಗು ಹೊರಳಲು ಯತ್ನಿಸಿದ ದಿನವೇ ಸುತ್ತುವುದನ್ನು ನಿಲ್ಲಿಸಿ. ಮನೆಯಲ್ಲಿ ಯಾರೂ ಧೂಮಪಾನ ಮಾಡಬಾರದು.

ಕನಿಷ್ಠ ಮೊದಲ ಆರು ತಿಂಗಳು ಕೂಸು ನಿಮ್ಮ ಕೋಣೆಯಲ್ಲೇ, ಕೈಗೆಟುಕುವ ದೂರದಲ್ಲಿ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗುವುದು ಅತ್ಯಂತ ಸುರಕ್ಷಿತ. ಆದರೂ ನಡುರಾತ್ರಿ ಹಾಲೂಡಿಸುತ್ತ ತಾಯಿಗೆ ನಿದ್ದೆ ಬರುತ್ತದೆ, ಇದನ್ನು ಇಲ್ಲವೆಂದು ನಟಿಸುವುದರಿಂದ ಪ್ರಯೋಜನವಿಲ್ಲ. ನಿದ್ದೆ ತಡೆಯಲಾಗುತ್ತಿಲ್ಲ ಎನಿಸಿದಾಗ ಸೋಫಾದ ಮೇಲೋ ಆರಾಮಕುರ್ಚಿಯಲ್ಲೋ ಕೂತು ಹಾಲೂಡಿಸುವುದು ಎಲ್ಲಕ್ಕಿಂತ ಅಪಾಯಕರ, ಏಕೆಂದರೆ ಕೂಸು ಮೆತ್ತೆಯ ಸಂದಿಗೆ ಜಾರಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕಿಂತ ದಿಂಬು ಹೊದಿಕೆಗಳನ್ನು ದೂರ ಸರಿಸಿದ ಗಟ್ಟಿ ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿ ಹಾಲೂಡಿಸುವುದು ಮೇಲು. ಎಚ್ಚರವಾದ ಕೂಡಲೇ ಕೂಸನ್ನು ಅದರ ಹಾಸಿಗೆಗೆ ಸೇರಿಸಿ. ದಿನ ತುಂಬದೆ ಹುಟ್ಟಿದ ಅಥವಾ 2.5 ಕಿಲೋಗಿಂತ ಕಡಿಮೆ ತೂಕದ ಕೂಸಾದರೆ, ತಂದೆತಾಯಿಯರಲ್ಲಿ ಒಬ್ಬರಾದರೂ ಧೂಮಪಾನ ಮಾಡುವವರಾದರೆ, ಮದ್ಯವನ್ನೋ ಮಂಪರು ತರುವ ಔಷಧವನ್ನೋ ತೆಗೆದುಕೊಂಡಿದ್ದರೆ ಒಂದೇ ಹಾಸಿಗೆಯಲ್ಲಿ ಮಲಗುವುದನ್ನು ಪೂರ್ತಿ ಬಿಡಬೇಕು.

ರಾತ್ರಿಯ ಹಂಚಿಕೆಗೆ ಮರಳೋಣ. ಎದೆಹಾಲು ಕೊಡುವ ಕೆಲಸ ನಿಮ್ಮದೇ ಆದರೂ ಉಳಿದದ್ದೆಲ್ಲ ನಿಮ್ಮ ಪತಿ ಮಾಡಬಹುದಾದದ್ದು: ಕೂಸನ್ನು ಎತ್ತಿ ತಂದುಕೊಡುವುದು, ತೇಗಿಸುವುದು, ಬಟ್ಟೆ ಬದಲಿಸುವುದು, ಮತ್ತೆ ಮಲಗಿಸುವುದು. ಸಂಜೆ ಒಮ್ಮೆ ಹಾಲೂಡಿಸಿದ ಕೂಡಲೇ ನೀವು ಬೇರೆ ಕೋಣೆಯಲ್ಲಿ ಮಲಗಿ, ಮುಂದಿನ ಹಾಲಿನವರೆಗೆ ಕೂಸು ಪೂರ್ತಿ ಅವರ ಹೊಣೆಯಾಗಿರಲಿ. ಹೀಗೆ ಮೂರು ಗಂಟೆ ಕಿವಿಯನ್ನು ಕೂಸಿನ ಕಡೆಗೆ ಇಡದೆ ಮಲಗಿದ ನಿದ್ದೆ, ಚೂರುಚೂರಾದ ಆರು ಗಂಟೆಗಿಂತ ಹೆಚ್ಚು ಚೈತನ್ಯ ಕೊಡುವುದನ್ನು ಅನೇಕ ಬಾಣಂತಿಯರು ಹೇಳುತ್ತಾರೆ. ಇದನ್ನು ಈಗಲೇ ಮಾತಾಡಿ ಗೊತ್ತುಮಾಡಿಕೊಳ್ಳಿ. ಹೆರಿಗೆಯಾದ ಹತ್ತನೆಯ ರಾತ್ರಿ ಇಬ್ಬರೂ ದಣಿದಿರುವಾಗ ನಡೆಯುವ ಮಾತುಕತೆ ಜಗಳದಲ್ಲಿ ಮುಗಿಯುತ್ತದೆ.

ಅಳುವಿನ ಬಗ್ಗೆಯೂ ಮೊದಲೇ ಗೊತ್ತಿರಲಿ. ಎರಡನೆಯ ವಾರದಿಂದ ಏರುತ್ತ ಹೋಗುವ ಅಳು ಸುಮಾರು ಆರನೆಯ ವಾರದಲ್ಲಿ ಶಿಖರ ಮುಟ್ಟಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ಇಳಿಯುತ್ತದೆ. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಜಲ್ಟನ್ 1962ರಲ್ಲೇ ಈ ಏರಿಳಿತವನ್ನು ದಾಖಲಿಸಿದ್ದರು. ಆರೋಗ್ಯವಂತ ಕೂಸೂ ಸಂಜೆಯ ಹೊತ್ತು ಗಂಟೆಗಟ್ಟಲೆ, ಏನು ಮಾಡಿದರೂ ನಿಲ್ಲದಂತೆ ಅಳಬಹುದು. ನಿಮ್ಮ ಸಹನೆ ತೀರಿತೆನಿಸಿದಾಗ ಕೂಸನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಬಾಗಿಲು ದಾಟಿ ಐದು ಹತ್ತು ನಿಮಿಷ ಹೊರಗಿರಿ. ಅಷ್ಟು ಹೊತ್ತು ಅತ್ತರೆ ಅದಕ್ಕೇನೂ ಆಗುವುದಿಲ್ಲ. ಸಿಟ್ಟಿನಲ್ಲಿ ಒಮ್ಮೆ ಕುಲುಕಾಡಿಸಿದರೂ ಮೆದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಅಪಾಯವಾಗಬಹುದು, ಇದನ್ನು ಕೂಸನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ತಿಳಿಸಿರಿ. ನಿದ್ದೆಗೆಂದು, ಹೊಟ್ಟೆನೋವಿಗೆಂದು ಹನಿ ಔಷಧಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ.

ಚೆನ್ನಾಗಿ ಮಲಗುತ್ತಿದೆ ಎಂದು ಸಂತೋಷಪಡುವಂತಿಲ್ಲದ ನಿದ್ದೆಯೂ ಒಂದಿದೆ. ಹಾಲಿನ ಸಮಯಕ್ಕೆ ಎಬ್ಬಿಸಿದರೂ ಏಳದ, ಎದೆಗೆ ಹಚ್ಚಿದರೆ ಚೀಪದ, ಮೈ ಸಡಿಲಾಗಿ ಬಿದ್ದಿರುವ ಕೂಸನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ, ಮೈ ಅಸಹಜವಾಗಿ ತಣ್ಣಗಿದ್ದರೆ, ಉಸಿರಾಡುವಾಗ ಪಕ್ಕೆಗಳು ಒಳಕ್ಕೆ ಸೆಳೆಯುತ್ತಿದ್ದರೆ, ಕಕ್ಕಿದ್ದು ಹಸಿರಾಗಿದ್ದರೆ, ಹುಟ್ಟಿದ ಮೊದಲ ದಿನವೇ ಮೈ ಹಳದಿಯಾದರೆ ಅಥವಾ ಹಳದಿ ಕೈಕಾಲುಗಳವರೆಗೆ ಹಬ್ಬಿದರೆ ಮನೆಯ ಉಪಾಯಗಳಿಗೆ ಸಮಯವಿಲ್ಲ. ಐದನೆಯ ದಿನದ ನಂತರ ದಿನಕ್ಕೆ ಆರು ಬಾರಿಯಾದರೂ ಚೆನ್ನಾಗಿ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು.

ಕೊನೆಯದಾಗಿ ನೀವು ಕೇಳದ ಒಂದು ವಿಷಯ. ಹೆರಿಗೆಯ ನಂತರದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಗಳಿಗೆಗೊಂದು ಬಗೆಯಾಗುವುದು ಹೆಚ್ಚಿನ ತಾಯಂದಿರಿಗೆ ಆಗುತ್ತದೆ, ಎರಡು ವಾರದೊಳಗೆ ತಿಳಿಯಾಗುತ್ತದೆ. ಎರಡು ವಾರ ದಾಟಿಯೂ ಮನಸ್ಸು ಕುಗ್ಗಿಯೇ ಇದ್ದರೆ, ಮಗು ಮಲಗಿದ್ದು ಬೇರೆಯವರು ನೋಡಿಕೊಳ್ಳುತ್ತಿದ್ದರೂ ನಿಮಗೆ ನಿದ್ದೆ ಬಾರದಿದ್ದರೆ ಅದನ್ನು ಬಾಣಂತನದ ದಣಿವೆಂದು ತಳ್ಳಿಹಾಕದೆ ವೈದ್ಯರಿಗೆ ಹೇಳಿ; ಹಾಲೂಡಿಸುತ್ತಿದ್ದರೂ ತೆಗೆದುಕೊಳ್ಳಬಹುದಾದ ಚಿಕಿತ್ಸೆಗಳಿವೆ. ತನಗೋ ಮಗುವಿಗೋ ಹಾನಿ ಮಾಡಿಕೊಳ್ಳುವ ಯೋಚನೆ ಬಂದರೆ, ಅಥವಾ ದಿನಗಟ್ಟಲೆ ನಿದ್ದೆಯಿಲ್ಲದೆಯೂ ದಣಿವಾಗದೆ, ಮಾತು ವಿಚಾರಗಳು ಓಡತೊಡಗಿ, ಇಲ್ಲದ್ದು ಕಂಡಂತೆ ಕೇಳಿಸಿದಂತೆ ಆಗಿ, ಮನೆಯವರ ಮೇಲೆ ಅನುಮಾನ ಹುಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ ಅದು. ಹಾಗಾದಾಗ ತನಗೆ ಏನೋ ಆಗಿದೆಯೆಂದು ತಾಯಿಗೆ ಗೊತ್ತಾಗದಿರಬಹುದು, ಆದ್ದರಿಂದ ಈ ಭಾಗವನ್ನು ನಿಮ್ಮ ಪತಿಗೆ ಈಗಲೇ ಓದಲು ಕೊಡಿ. ಆಸ್ಪತ್ರೆಯ ಹೆರಿಗೆ ವಿಭಾಗದ ದೂರವಾಣಿ ಸಂಖ್ಯೆ ಅವರ ಫೋನಿನಲ್ಲೂ ಇರಲಿ.